ಪಾಲಿಗೆ ಬಾರದ ಸಂಖ್ಯೆ

ಯಾದಗಿರಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ, ತೊಗರಿಯ ರಾಶಿ ಮುಗಿದು ಹಳ್ಳಿಹಳ್ಳಿಗಳಿಂದ ಚೀಲಗಳು ಬಂದಿಳಿಯುತ್ತಿದ್ದ ಕಾಲದ ಒಂದು ಮಧ್ಯಾಹ್ನ, ಇಬ್ಬರು ಹಮಾಲರು ಅಡತಿ ಅಂಗಡಿಯೊಂದರ ಮುಂದೆ ಚೀಲಗಳನ್ನು ಅಟ್ಟಿಯೊಡ್ಡುತ್ತಿದ್ದುದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಒಂದು ವರಸೆಗೆ ಹನ್ನೆರಡು ಚೀಲ, ಅಂತಹ ಎಂಟು ವರಸೆ. ಒಂದೊಂದಾಗಿ ಎಣಿಸುವ ಗೋಜಿಗೇ ಹೋಗದೆ ಗುಮಾಸ್ತನು ತೊಂಬತ್ತಾರು ಎಂದು ಬರೆದುಕೊಂಡನು. ಅಷ್ಟರಲ್ಲಿ ಗಾಡಿಯ ಮೂಲೆಯಲ್ಲಿ ಮರೆತುಹೋಗಿದ್ದ ಇನ್ನೊಂದು ಚೀಲ ಕೆಳಗಿಳಿಯಿತು. ಇಬ್ಬರಲ್ಲಿ ಹಿರಿಯನಾದವನು ಆ ಚೀಲವನ್ನೊಮ್ಮೆ, ಅಟ್ಟಿಯನ್ನೊಮ್ಮೆ ನೋಡಿ, "ತೊಂಬತ್ತೇಳು ಹೆಂಗ ಹಚ್ಚಿದ್ರೂ ಸಮ ಕೂಡಲ್ಲರಿ" ಎಂದು ಹೇಳಿ, ಅದನ್ನು ಪಕ್ಕಕ್ಕೆ ನಿಲ್ಲಿಸಿ, ಅದಕ್ಕೇ ಒರಗಿಕೊಂಡು ಬೆವರೊರೆಸಿಕೊಂಡನು.

ಅವನ ಮಾತು ಗಣಿತಶಾಸ್ತ್ರದ ದೃಷ್ಟಿಯಿಂದ ಅಕ್ಷರಶಃ ಸತ್ಯವಾದದ್ದು. ತೊಂಬತ್ತಾರನ್ನು ಎರಡೆರಡಾಗಿ, ಮೂರುಮೂರಾಗಿ, ನಾಲ್ಕುನಾಲ್ಕಾಗಿ, ಆರಾರಾಗಿ, ಎಂಟೆಂಟಾಗಿ ಹೇಗೆ ಬೇಕಾದರೂ ಸಮನಾದ ಸಾಲುಗಳಲ್ಲಿ ಇಡಬಹುದು. ಅದರ ಮಗ್ಗುಲಲ್ಲಿಯೇ ಇರುವ ತೊಂಬತ್ತೇಳನ್ನು ಒಂದೇ ಉದ್ದನೆಯ ಸಾಲಿನಲ್ಲಿಟ್ಟ ಹೊರತು ಮತ್ತಾವ ವಿಧದಿಂದಲೂ ಸಮನಾಗಿ ಹೊಂದಿಸಲಾಗದು. ಪಠ್ಯಪುಸ್ತಕವು ಮೊದಲನೆಯದನ್ನು ಸಂಯುಕ್ತ ಸಂಖ್ಯೆಯೆಂದೂ ಎರಡನೆಯದನ್ನು ಅವಿಭಾಜ್ಯ ಸಂಖ್ಯೆಯೆಂದೂ ಕರೆಯುತ್ತದೆ. ಹಮಾಲನಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಹೆಸರಿನ ಹಿಂದಿರುವ ವಸ್ತು ಅವನ ಬೆನ್ನಿಗೂ ಭುಜಕ್ಕೂ ಗೊತ್ತಿತ್ತು.

ಅದೇ ವಾರದಲ್ಲಿ ಶಹಾಪುರ ತಾಲ್ಲೂಕಿನ ಒಂದು ಶಾಲೆಗೆ, ಪರಿಚಿತರಾದ ಉಪಾಧ್ಯಾಯರೊಬ್ಬರ ಆಹ್ವಾನದ ಮೇರೆಗೆ, ಹೋಗಿದ್ದೆ. ಆರನೆಯ ತರಗತಿಯ ಮಕ್ಕಳು ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯ ಸಂಖ್ಯೆಗಳನ್ನು ಎರಡರಿಂದ ತೊಂಬತ್ತೇಳರವರೆಗೆ ಉಸಿರು ಕಟ್ಟಿ ಒಪ್ಪಿಸಿದರು. ಒಂದು ಸಂಖ್ಯೆಯೂ ತಪ್ಪಲಿಲ್ಲ. ತೊಂಬತ್ತೊಂದು ಏಕೆ ಬರಲಿಲ್ಲವೆಂದು ಕೇಳಿದೆ. ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹುಡುಗನು ಎದ್ದು ನಿಂತು, "ಪಟ್ಟಿಯೊಳಗಿಲ್ಲರಿ ಸರ" ಎಂದನು. ಇದರಲ್ಲಿ ಆ ಹುಡುಗನ ಅಪರಾಧವೇನೂ ಇಲ್ಲ. ಅವನಿಗೆ ನಾವು ಕೊಟ್ಟದ್ದು ಪಟ್ಟಿಯನ್ನು; ಅವನು ಹಿಂದಿರುಗಿಸಿದ್ದೂ ಅದನ್ನೇ. ಏಳನ್ನು ಹದಿಮೂರು ಸಲ ತೆಗೆದುಕೊಂಡರೆ ತೊಂಬತ್ತೊಂದಾಗುತ್ತದೆಂಬುದು ಅವನು ಬಾಯಿಪಾಠ ಮಾಡಿದ ಮಗ್ಗಿಯಲ್ಲಿ ಅಡಗಿಯೇ ಇದ್ದರೂ, ಮಗ್ಗಿಗೂ ಈ ಪಟ್ಟಿಗೂ ಸಂಬಂಧವುಂಟೆಂದು ಅವನಿಗೆ ಯಾರೂ ತೋರಿಸಿರಲಿಲ್ಲ.

ನಮ್ಮ ಜಿಲ್ಲೆಯನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಸುದ್ದಿಯೆಲ್ಲವೂ ಬಹುಮಟ್ಟಿಗೆ ಅಂಕಿಗಳ ರೂಪದಲ್ಲಿಯೇ ಬರುತ್ತದೆ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲಿಯೇ ಕನಿಷ್ಠ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಶೇಕಡ 50.59, ಅದೂ ರಾಜ್ಯದಲ್ಲಿ ಕೊನೆಯ ಸ್ಥಾನ. ಫಲಿತಾಂಶ ಪ್ರಕಟವಾದ ಮರುದಿನ ಎಲ್ಲರೂ ಹತ್ತನೆಯ ತರಗತಿಯ ಕಡೆಗೆ ಬೆರಳು ತೋರಿಸುತ್ತಾರೆ; ವಿಶೇಷ ತರಗತಿ, ರಾತ್ರಿ ಪಾಠ, ಪ್ರಶ್ನೋತ್ತರ ಕೈಪಿಡಿ ಇತ್ಯಾದಿ ಚಿಕಿತ್ಸೆಗಳು ಆರಂಭವಾಗುತ್ತವೆ. ಹುದ್ದೆಗಳು ಖಾಲಿ ಇರುವುದು, ತಂದೆತಾಯಿಗಳು ಬೆಂಗಳೂರಿಗೂ ಪುಣೆಗೂ ಗುಳೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುವುದು, ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಯ ಬೆಂಚುಗಳು ಬರಿದಾಗುವುದು, ಇವೆಲ್ಲವೂ ನಿಜವಾದ ಕಾರಣಗಳೇ. ಇವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಗಣಿತದ ಮಟ್ಟಿಗೆ ಹೇಳುವುದಾದರೆ, ಹತ್ತನೆಯ ತರಗತಿಯಲ್ಲಿ ಕಾಣಿಸಿಕೊಳ್ಳುವ ರೋಗದ ಬೀಜವು ನಾಲ್ಕು, ಐದು, ಆರನೆಯ ತರಗತಿಗಳಲ್ಲಿ ಬಿದ್ದಿರುತ್ತದೆಂದೂ, ಸಂಖ್ಯೆಯೊಂದನ್ನು ಕೈಯಾರೆ ಒಡೆದು ನೋಡದ ಮಗುವಿಗೆ ಲ.ಸಾ.ಅ., ಮ.ಸಾ.ಅ. ಎಂಬ ಅಕ್ಷರಗಳನ್ನು ಕಲಿಸುವ ಆತುರವೇ ಆ ಬೀಜವೆಂದೂ ನಾನು ತಿಳಿದಿದ್ದೇನೆ. ಹತ್ತನೆಯ ತರಗತಿಯ ಗಣಿತದ ವಾಸ್ತವ ಸಂಖ್ಯೆಗಳ ಅಧ್ಯಾಯದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯವೆಂದು ಬರುವುದು, ಒಂದಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯನ್ನೇ ಆಗಲಿ ಅವಿಭಾಜ್ಯಗಳವರೆಗೆ ಒಡೆದರೆ ಯಾರು ಒಡೆದರೂ ಅವೇ ತುಂಡುಗಳು ದೊರೆಯುವುವು ಎಂಬ ಮಾತಲ್ಲದೆ ಬೇರೇನೂ ಅಲ್ಲ. ಒಡೆದೇ ನೋಡದವನಿಗೆ ಈ ಮಾತಿನ ಸೊಗಸೂ ತಿಳಿಯದು, ಅದರ ಅಗತ್ಯವೂ ತಿಳಿಯದು.

ಇಷ್ಟನ್ನು ಹೇಳಿದೊಡನೆ ಮಗ್ಗಿಯ ಬಾಯಿಪಾಠವನ್ನು ನಾನು ಹಳಿಯುತ್ತಿರುವೆನೆಂದು ಯಾರೂ ಭಾವಿಸಕೂಡದು. ಮಗ್ಗಿಯೆಂಬುದು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಏಳೊಂದಲೆ ಏಳು, ಏಳೆರಡಲೆ ಹದಿನಾಲ್ಕು ಎಂದು ಮುಂದಕ್ಕೆ ಹೇಳುತ್ತ ಹೋದರೆ ಅದು ಏಳರ ಅಪವರ್ತ್ಯಗಳ ಮಾಲೆ. ಅದೇ ಮಗ್ಗಿಯನ್ನು ಹಿಂದಿನಿಂದ ಹಿಡಿದು, ನಲವತ್ತೆರಡು ಯಾವ ಯಾವ ಮಗ್ಗಿಗಳಲ್ಲಿ ಬರುತ್ತದೆಂದು ಹುಡುಕಿದರೆ ದೊರೆಯುವುದೇ ಅಪವರ್ತನಗಳ ಪಟ್ಟಿ. ಒಂದೇ ದಾರಿಯಲ್ಲಿ ಹೋಗುವುದು ಗುಣಾಕಾರ, ಬರುವುದು ಭಾಗಾಕಾರ. ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಹೋಗುವುದಕ್ಕೆ ಮಾತ್ರ ಅಭ್ಯಾಸಮಾಡಿಸಿ, ಬರುವ ದಾರಿಯನ್ನು ಬೇರೆ ಊರಿನ ದಾರಿಯೆಂಬಂತೆ ಬೇರೊಂದು ಪಾಠದಲ್ಲಿ, ಬೇರೊಂದು ಹೆಸರಿನಲ್ಲಿ, ಬೇರೊಂದು ವರ್ಷದಲ್ಲಿ ತೋರಿಸುತ್ತೇವೆ. ಅಪವರ್ತನ, ಅಪವರ್ತ್ಯ ಎಂಬ ಎರಡು ಪದಗಳು ಕಿವಿಗೆ ಒಂದೇ ಸಮನಾಗಿ ಕೇಳಿಸುವುದರಿಂದ, ಯಾವುದು ಯಾವುದೆಂಬ ಗೊಂದಲದಲ್ಲಿಯೇ ಮಗುವಿನ ಅರ್ಧ ಶಕ್ತಿ ವ್ಯಯವಾಗುತ್ತದೆ. ಹೊಲವನ್ನೂ ಕಾಳನ್ನೂ ಪಾಲು ಮಾಡುವುದನ್ನು ಕಣ್ಣಾರೆ ಕಂಡಿರುವ ನಮ್ಮ ಭಾಗದ ಮಗುವಿಗೆ, ಸಮ ಪಾಲಾಗುವ ಸಂಖ್ಯೆ, ಪಾಲಾಗದ ಸಂಖ್ಯೆ ಎಂದು ಮೊದಲು ಹೇಳಿ, ಅರ್ಥ ಮನಸ್ಸಿನಲ್ಲಿ ನಿಂತ ಮೇಲೆ ಶಾಸ್ತ್ರದ ಹೆಸರನ್ನು ತೊಡಿಸಿದರೆ ಶಾಸ್ತ್ರಕ್ಕೆ ಏನೂ ಅವಮಾನವಾಗುವುದಿಲ್ಲ.

ಆ ದಿನ ಶಾಲೆಯಲ್ಲಿ ನಾವು ಮಾಡಿದ್ದೂ ಇದನ್ನೇ. ಚೌಕಾಬಾರ ಆಡುವ ಹುಣಸೆಬೀಜಗಳು ಯಾವ ಮನೆಯಲ್ಲಿ ಇಲ್ಲ? ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಎರಡು ಬೊಗಸೆ ತಂದು ಸುರಿದರು. ಮೊದಲು ಇಪ್ಪತ್ತನಾಲ್ಕು ಬೀಜಗಳನ್ನು ಕೊಟ್ಟು, ಎಷ್ಟು ವಿಧವಾದ ಸಮ ಸಾಲುಗಳು ಸಾಧ್ಯವೆಂದು ನೋಡಿರೆಂದೆವು: ಒಂದು ಸಾಲಿನಲ್ಲಿ ಇಪ್ಪತ್ತನಾಲ್ಕು, ಎರಡು ಸಾಲಿನಲ್ಲಿ ಹನ್ನೆರಡು, ಮೂರರಲ್ಲಿ ಎಂಟು, ನಾಲ್ಕರಲ್ಲಿ ಆರು. ಮುಂದಕ್ಕೆ ಆರು ಸಾಲು ಮಾಡಹೊರಟವರು, ಅದು ನಾಲ್ಕರದೇ ಸಾಲು ಮಗ್ಗುಲಾಗಿ ಮಲಗಿದ್ದೆಂದು ತಾವೇ ಕಂಡುಕೊಂಡು ನಕ್ಕರು. ಬಳಿಕ ಒಂದು ಬೀಜವನ್ನು ತೆಗೆದು ಇಪ್ಪತ್ತಮೂರು ಉಳಿಸಿದೆವು. ಹತ್ತು ನಿಮಿಷಗಳವರೆಗೆ ಹದಿನೈದು ತಲೆಗಳು ನೆಲದ ಮೇಲೆ ಬಗ್ಗಿದ್ದವು. ಯಾವ ಸಾಲೂ ಸಮವಾಗಲಿಲ್ಲ. ಸಮವಾಗದಿರುವುದು ತಮ್ಮ ದಡ್ಡತನದಿಂದಲ್ಲ, ಆ ಸಂಖ್ಯೆಯ ಸ್ವಭಾವದಿಂದ ಎಂಬ ಅರಿವು ಆ ಮುಖಗಳ ಮೇಲೆ ಮೂಡಿದ ಕ್ಷಣವನ್ನು ನೋಡಿದವರಿಗೆ ಆ ತರಗತಿಯ ಬೇರೆ ಪರೀಕ್ಷೆ ಬೇಕಾಗಲಾರದು.

ಅವಿಭಾಜ್ಯತೆಯ ಪರೀಕ್ಷೆಯಲ್ಲಿ ಒಂದು ವಿಶೇಷವುಂಟು. ಪಾಲಾಗುತ್ತದೆಂದು ತೋರಿಸುವುದಕ್ಕೆ ಒಂದೇ ಒಂದು ಸಾಲು ಸಾಕು. ಪಾಲಾಗುವುದಿಲ್ಲವೆಂದು ಹೇಳಬೇಕಾದರೆ ಎಲ್ಲ ಸಾಲುಗಳನ್ನೂ ಪ್ರಯತ್ನಿಸಿ ಸೋತಿರಬೇಕು. ಹಾಗಾದರೆ ಪ್ರಯತ್ನವನ್ನು ಎಲ್ಲಿಗೆ ನಿಲ್ಲಿಸತಕ್ಕದ್ದು? ಕಲ್ಯಾಣ ಕರ್ನಾಟಕದಲ್ಲಿ ಚಿಕ್ಕ ಮಕ್ಕಳಿಗೂ ತಿಳಿದಿರುವ ಒಂದು ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಸಂವಿಧಾನದ 98ನೆಯ ತಿದ್ದುಪಡಿಯಿಂದ ನಮಗೆ ವಿಶೇಷ ಸ್ಥಾನಮಾನ ದೊರಕಿಸಿದ 371ಜೆ ವಿಧಿಯಲ್ಲಿರುವ ಸಂಖ್ಯೆ 371. ನೋಡಿದರೆ ಪಾಲಾಗದ ಸಂಖ್ಯೆಯಂತೆಯೇ ಕಾಣುತ್ತದೆ. ಸಮಸಂಖ್ಯೆಯಲ್ಲ, ಆದುದರಿಂದ ಎರಡಕ್ಕೆ ಸಲ್ಲದು. ಅಂಕಗಳನ್ನು ಕೂಡಿದರೆ ಹನ್ನೊಂದು, ಆದುದರಿಂದ ಮೂರಕ್ಕೆ ಸಲ್ಲದು. ಕೊನೆಯಲ್ಲಿ ಸೊನ್ನೆಯಾಗಲಿ ಐದಾಗಲಿ ಇಲ್ಲ, ಆದುದರಿಂದ ಐದಕ್ಕೂ ಸಲ್ಲದು. ಏಳರಿಂದ ಭಾಗಿಸಿದೊಡನೆ ಐವತ್ತಮೂರು ನಿಶ್ಶೇಷವಾಗಿ ಬಂದುಬಿಡುತ್ತದೆ. ಇನ್ನು ಅದಕ್ಕಿಂತ ಎರಡು ಹೆಚ್ಚಾದ 373 ಅನ್ನು ನೋಡಿದರೆ, ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು ಎಂಬ ಎಂಟು ಅವಿಭಾಜ್ಯಗಳಿಂದ ಭಾಗಿಸಿ ಎಂಟರಲ್ಲಿಯೂ ಶೇಷ ಉಳಿದುದನ್ನು ಕಂಡು, ಅಲ್ಲಿಗೇ ಲೇಖನಿಯನ್ನು ಕೆಳಗಿಡಬಹುದು. ಮುಂದಿನ ಅವಿಭಾಜ್ಯವಾದ ಇಪ್ಪತ್ತಮೂರರ ವರ್ಗ 529, ಅದು 373ಕ್ಕಿಂತ ದೊಡ್ಡದು.

ವರ್ಗವು ದೊಡ್ಡದಾದರೆ ನಿಲ್ಲಿಸುವುದಕ್ಕೆ ಅಧಿಕಾರವೇಕೆ ಬರುತ್ತದೆಂಬುದನ್ನು ನನ್ನ ಮಾತಿನಲ್ಲಿ ಹೇಳುವುದಕ್ಕಿಂತ, ಆ ತರಗತಿಯ ಒಬ್ಬ ಹುಡುಗಿ ಹೇಳಿದ ಮಾತಿನಲ್ಲಿಯೇ ಹೇಳುವುದು ಮೇಲು. ತೊಂಬತ್ತೇಳು ಬೀಜಗಳನ್ನು ಎರಡು, ಮೂರು, ಐದು, ಏಳು ಸಾಲುಗಳಲ್ಲಿ ಇಟ್ಟು ಸೋತ ಮೇಲೆ, ಉಪಾಧ್ಯಾಯರು ಹನ್ನೊಂದು ಸಾಲು ಮಾಡಿ ನೋಡೆಂದರು. ಅವಳು ಕೈ ಚಾಚಲಿಲ್ಲ. "ಹನ್ನೊಂದು ಸಾಲು ಮಾಡಿದ್ರ ಒಂದೊಂದು ಸಾಲಿನಾಗ ಹನ್ನೊಂದಕ್ಕಿಂತ ಕಡಿಮಿ ಬರ್ತಾವ್ರಿ ಸರ. ಆ ಕಡಿಮಿ ಇದ್ದದ್ದು ಎಲ್ಲಾ ಮೊದಲೇ ನೋಡೀವಲ್ಲರಿ" ಎಂದಳು. ಅಲ್ಲಿಗೆ ಸಾಧನೆ ಪೂರ್ಣವಾಯಿತು. ಎರಡು ಸಂಖ್ಯೆಗಳ ಗುಣಲಬ್ಧದಲ್ಲಿ ಒಂದು ದೊಡ್ಡದಾದರೆ ಇನ್ನೊಂದು ಚಿಕ್ಕದಾಗಲೇಬೇಕು, ಆ ಚಿಕ್ಕದನ್ನು ಪರೀಕ್ಷಿಸಿ ಮುಗಿದಿದ್ದರೆ ದೊಡ್ಡದನ್ನು ಹುಡುಕುವುದು ವ್ಯರ್ಥ, ಎಂಬ ತರ್ಕವನ್ನು ಪುಸ್ತಕವು ವರ್ಗಮೂಲದ ಭಾಷೆಯಲ್ಲಿ ಹೇಳುತ್ತದೆ. ಹುಡುಗಿ ಹುಣಸೆಬೀಜದ ಭಾಷೆಯಲ್ಲಿ ಹೇಳಿದಳು. ಅದೇ ತರ್ಕವನ್ನು ಪಟ್ಟಿಯ ಮೂಲಕ ಅವಳಿಗೆ ಎಂದೂ ಕೊಡಲಾಗುತ್ತಿರಲಿಲ್ಲ.

ಮೂರಕ್ಕೂ ಒಂಬತ್ತಕ್ಕೂ ಅಂಕಗಳನ್ನು ಕೂಡಿ ನೋಡುವ ಉಪಾಯವನ್ನೂ ನಾವು ಮಂತ್ರದಂತೆ ಕಲಿಸುತ್ತೇವೆ, ಕಾರಣವನ್ನು ಹೇಳುವುದಿಲ್ಲ. ಕಾರಣವು ಒಂದು ನಿಮಿಷದ್ದು. ನೂರು ಬೀಜಗಳನ್ನು ಒಂಬತ್ತೊಂಬತ್ತರ ಗುಂಪುಗಳಾಗಿ ಮಾಡಿದರೆ ತೊಂಬತ್ತೊಂಬತ್ತು ಹೋಗಿ ಒಂದು ಉಳಿಯುತ್ತದೆ. ಹತ್ತನ್ನು ಮಾಡಿದರೆ ಒಂಬತ್ತು ಹೋಗಿ ಅಲ್ಲಿಯೂ ಒಂದೇ ಉಳಿಯುತ್ತದೆ. 371ರಲ್ಲಿ ಮೂರು ನೂರುಗಳಿಂದ ಮೂರು, ಏಳು ಹತ್ತುಗಳಿಂದ ಏಳು, ಬಿಡಿಯಾದ ಒಂದು. ಉಳಿದವುಗಳ ಮೊತ್ತ ಹನ್ನೊಂದು. ಆ ಹನ್ನೊಂದು ಒಂಬತ್ತಕ್ಕಾಗಲಿ ಮೂರಕ್ಕಾಗಲಿ ಸಲ್ಲದಿದ್ದರೆ ಇಡೀ ಸಂಖ್ಯೆಯೂ ಸಲ್ಲದು. ಹಾಗೆಯೇ, ಪ್ರಾಚೀನ ಗ್ರೀಕ್ ವಿದ್ವಾಂಸನಾದ ಎರಟೋಸ್ತನೀಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಜರಡಿಯೂ ನಮ್ಮ ಮನೆಯ ಸಾಣಿಗೆಯಷ್ಟೇ ಸರಳವಾದದ್ದು. ಒಂದರಿಂದ ನೂರರವರೆಗೆ ಬರೆದು, ಒಂದನ್ನು ಹೊಡೆದುಹಾಕಿ, ಎರಡು, ಮೂರು, ಐದು, ಏಳು ಎಂಬ ನಾಲ್ಕನ್ನು ಮಾತ್ರ ಉಳಿಸಿಕೊಂಡು ಅವುಗಳ ಮುಂದಿನ ಅಪವರ್ತ್ಯಗಳನ್ನೆಲ್ಲ ಹೊಡೆಯುತ್ತ ಹೋದರೆ, ಇಪ್ಪತ್ತೈದು ಸಂಖ್ಯೆಗಳು ತಾವಾಗಿ ಸಾಣಿಗೆಯ ಮೇಲೆ ನಿಲ್ಲುತ್ತವೆ. ಏಳರ ಸರದಿ ಬಂದಾಗ ಹೊಸದಾಗಿ ಹೊಡೆಯುವುದಕ್ಕೆ ಉಳಿದಿರುವುವು ನಲವತ್ತೊಂಬತ್ತು, ಎಪ್ಪತ್ತೇಳು, ತೊಂಬತ್ತೊಂದು ಎಂಬ ಮೂರೇ ಎಂಬುದನ್ನು ಕಂಡ ಮಗುವು ತೊಂಬತ್ತೊಂದು ಪಟ್ಟಿಯಲ್ಲಿ ಏಕಿಲ್ಲವೆಂದು ಕೇಳಿದರೆ ಮತ್ತೆಂದೂ ತಡವರಿಸುವುದಿಲ್ಲ. ಪಟ್ಟಿ ಅದೇ, ಒಂದು ಇತರರಿಂದ ಬಂದದ್ದು, ಇನ್ನೊಂದು ತಾನೇ ಸೋಸಿಕೊಂಡದ್ದು.

ಅಪವರ್ತ್ಯಗಳ ವಿಚಾರದಲ್ಲಿಯೂ ನಮ್ಮ ಪುಸ್ತಕಗಳು ಬಹಳ ದೂರದ ಉದಾಹರಣೆಗಳನ್ನು ಹುಡುಕುತ್ತವೆ. ಎಷ್ಟೋ ನಿಮಿಷಗಳಿಗೊಮ್ಮೆ ಬಾರಿಸುವ ಎರಡು ಗಂಟೆಗಳು ಮತ್ತೆ ಒಟ್ಟಿಗೆ ಯಾವಾಗ ಬಾರಿಸುತ್ತವೆ ಎಂಬುದು ಸಾಮಾನ್ಯವಾದ ಲೆಕ್ಕ. ಆ ಗಂಟೆಗಳು ಯಾವ ಊರಿನವೋ ತಿಳಿಯದು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರನ್ನು ನಂಬಿರುವ ಸುರಪುರ, ಹುಣಸಗಿ, ಶಹಾಪುರದ ರೈತರ ಮಕ್ಕಳಿಗೆ ಚಾಲು-ಬಂದ್ ಎಂಬ ಮಾತು ತಾಯಿಯ ಹಾಲಿನಷ್ಟೇ ಪರಿಚಿತವಾದದ್ದು. ಹದಿನಾಲ್ಕು ದಿನ ನೀರು ಚಾಲು, ಹತ್ತು ದಿನ ಬಂದ್ ಎಂದು ಇಟ್ಟುಕೊಳ್ಳಿರಿ. ಸರದಿ ಇಪ್ಪತ್ತನಾಲ್ಕು ದಿನಗಳದು. ಸಂತೆಯ ಸರದಿ ಏಳು ದಿನಗಳದು. ಸಂತೆಯ ದಿನ ಹೊಲಕ್ಕೆ ಆಳು ಸಿಗುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತು. ನೀರು ಬಿಡುವ ಮೊದಲ ದಿನವೂ ಸಂತೆಯೂ ಒಮ್ಮೆ ಕೂಡಿಬಂದರೆ, ಇಪ್ಪತ್ತನಾಲ್ಕಕ್ಕೂ ಏಳಕ್ಕೂ ಒಂದನ್ನು ಬಿಟ್ಟು ಬೇರಾವ ಸಾಮಾನ್ಯ ಅಪವರ್ತನವೂ ಇಲ್ಲದಿರುವುದರಿಂದ, ಅವು ಮತ್ತೆ ಕೂಡುವುದು ನೂರ ಅರವತ್ತೆಂಟನೆಯ ದಿನಕ್ಕೆ. ಏಳು ಸರದಿಗೆ ಒಮ್ಮೆ ಮಾತ್ರ ತೊಂದರೆ. ಬಂದ್ ದಿನಗಳನ್ನು ಹತ್ತರ ಬದಲು ಏಳು ಮಾಡಿದರೋ, ಸರದಿ ಇಪ್ಪತ್ತೊಂದು ದಿನಗಳದಾಗುತ್ತದೆ. ಇಪ್ಪತ್ತೊಂದರ ಒಡಲಲ್ಲಿಯೇ ಏಳು ಇರುವುದರಿಂದ, ಒಮ್ಮೆ ಸಂತೆಗೆ ಸಿಕ್ಕಿಕೊಂಡ ನೀರು ಪ್ರತಿ ಸರದಿಯಲ್ಲಿಯೂ ಸಂತೆಗೇ ಸಿಕ್ಕಿಕೊಳ್ಳುತ್ತದೆ. ಕೇವಲ ಮೂರು ದಿನಗಳ ವ್ಯತ್ಯಾಸವೆಂದು ಹೊರಗಿನಿಂದ ಕಾಣುವುದು, ಸಂಖ್ಯೆಯ ಒಳಗನ್ನು ನೋಡಿದವನಿಗೆ ಇಡೀ ಹಂಗಾಮಿನ ವ್ಯತ್ಯಾಸ. ಈ ಲೆಕ್ಕವನ್ನು ಮಗುವು ಮನೆಗೆ ಕೊಂಡೊಯ್ದು ತಂದೆಗೆ ಹೇಳಬಲ್ಲದು; ಗಂಟೆಗಳ ಲೆಕ್ಕವನ್ನು ಯಾರಿಗೆ ಹೇಳೀತು?

ನಮ್ಮ ಹಿರಿಯರಿಗೆ ಈ ಒಳನೋಟ ಶಾಲೆಯ ಹೊರಗೇ ದೊರೆಯುತ್ತಿತ್ತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಟ್ಟು ನೂರ ತೊಂಬತ್ತೆರಡು ಪೈ. ಆ ಸಂಖ್ಯೆಗೆ ಹದಿನಾಲ್ಕು ಭಾಜಕಗಳುಂಟು, ನೂರಕ್ಕೆ ಇರುವುದು ಒಂಬತ್ತೇ. ಮೂವರು ಅಣ್ಣತಮ್ಮಂದಿರು ಒಂದು ರೂಪಾಯಿಯನ್ನು ಹಂಚಿಕೊಂಡರೆ ಒಬ್ಬೊಬ್ಬನಿಗೆ ಐದು ಆಣೆ ನಾಲ್ಕು ಪೈ, ನಿಶ್ಶೇಷವಾಗಿ. ಇಂದಿನ ನೂರು ಪೈಸೆಯನ್ನು ಹಂಚಿದರೆ ಒಂದು ಪೈಸೆಗೆ ಜಗಳ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದುದರಿಂದ ವ್ಯವಹಾರವು ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ, ಹಳೆಯ ಆಣೆ-ಪೈ ಹಿಂದಿರುಗಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಸಂತೆಯಲ್ಲಿ ದಿನವೂ ನಡೆಯುತ್ತಿದ್ದ ಒಂದು ಪಾಠ ಅಂದಿಗೆ ನಿಂತುಹೋಯಿತು, ಅದರ ಭಾರವನ್ನು ಶಾಲೆ ಹೊರಲಿಲ್ಲ. ಪಂಚಾಂಗದಲ್ಲಿ ಇನ್ನೂ ಅದು ಉಳಿದಿದೆ: ಅರವತ್ತು ಸಂವತ್ಸರಗಳು, ದಿನಕ್ಕೆ ಅರವತ್ತು ಗಳಿಗೆ. ಒಂದರಿಂದ ಆರರವರೆಗಿನ ಎಲ್ಲ ಸಂಖ್ಯೆಗಳಿಗೂ ಸಲ್ಲುವ ಅತ್ಯಂತ ಚಿಕ್ಕ ಸಂಖ್ಯೆ ಅರವತ್ತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಭಾಗದ ಅಧಿಕಾರ ಇನ್ನೂ ದೊಡ್ಡದು. ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು ಬಂದ ಕಾಗಿಣಾ ನದಿಯು ಭೀಮೆಯನ್ನು ಕೂಡಿ, ಆ ನೀರೇ ಯಾದಗಿರಿಯ ಕೋಟೆಯ ಬೆಟ್ಟವನ್ನು ದಾಟಿ ಮುಂದೆ ಕೃಷ್ಣೆಗೆ ಹೋಗುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ, ಭಿನ್ನರಾಶಿಗಳನ್ನು ಕೂಡುವ ಪ್ರಸಂಗದಲ್ಲಿ, ಛೇದಗಳನ್ನೆಲ್ಲ ಸುಮ್ಮನೆ ಗುಣಿಸದೆ, ಅವುಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದು ಅತ್ಯಂತ ಚಿಕ್ಕದಾದ ಸಮಾನ ಛೇದವನ್ನು ಪಡೆಯುವ ಕ್ರಮವನ್ನು ಹೇಳಿದೆ. ಅದಕ್ಕೆ ಆತನಿಟ್ಟ ಹೆಸರು ನಿರುದ್ಧ. ಆರನೆಯ ಒಂದು ಭಾಗಕ್ಕೆ ಎಂಟನೆಯ ಒಂದು ಭಾಗವನ್ನು ಕೂಡುವಾಗ ನಲವತ್ತೆಂಟರ ಬದಲು ಇಪ್ಪತ್ತನಾಲ್ಕನ್ನು ಹಿಡಿಯುವುದೇ ಆ ನಿರುದ್ಧ. ನಮ್ಮ ಮಕ್ಕಳು ಇಂದು ಭಯದಿಂದ ಉಚ್ಚರಿಸುವ ಲ.ಸಾ.ಅ.ವೂ ಅದೇ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು; 1356ರಲ್ಲಿ ನಾರಾಯಣ ಪಂಡಿತನು ಗಣಿತಕೌಮುದಿಯಲ್ಲಿ ಭಾಜಕಗಳನ್ನು ಕಂಡುಹಿಡಿಯುವುದಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟನು. ಇದನ್ನು ನಾನು ಹೆಮ್ಮೆಪಟ್ಟು ಕುಳಿತುಕೊಳ್ಳುವುದಕ್ಕಾಗಿ ಹೇಳುತ್ತಿಲ್ಲ. ನದಿಯ ಮೇಲ್ದಂಡೆಯ ರಾಜಧಾನಿಯ ಕಾಲದಲ್ಲಿ ಹುಟ್ಟಿದ ಲೆಕ್ಕವು ಅದೇ ನದಿಯ ಕೆಳದಂಡೆಯ ಶಾಲೆಯಲ್ಲಿ ಹೊರಗಿನಿಂದ ಬಂದ ಕಠಿಣ ವಸ್ತುವೆಂಬಂತೆ ಮಕ್ಕಳನ್ನು ಹೆದರಿಸುತ್ತಿರುವುದು ನಮ್ಮ ಬೋಧನಕ್ರಮದ ಮೇಲೆಯೇ ಒಂದು ಟೀಕೆಯಾಗಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಕೈಯಲ್ಲಿ ಮೊ­ಬೈಲ್ ಇರುವಾಗ ಸಂಖ್ಯೆಗಳನ್ನು ಒಡೆಯುವ ಶ್ರಮವೇಕೆ ಎಂಬುದು. ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂಬುದನ್ನು, ಅದು ಎಷ್ಟೇ ದೊಡ್ಡದಾಗಿರಲಿ, ಮಿತವಾದ ಹೆಜ್ಜೆಗಳಲ್ಲಿ ನಿಶ್ಚಯವಾಗಿ ಹೇಳಬಲ್ಲ ಕ್ರಮವನ್ನು 2002ರಲ್ಲಿ ಜಗತ್ತಿಗೆ ಕೊಟ್ಟವರು ಕಾನ್ಪುರದ ಐಐಟಿಯ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಭಾರತೀಯರು. ಅವರ ಕೈಯಲ್ಲಿಯೂ ಯಂತ್ರಗಳಿದ್ದವು. ಒಡೆಯುವುದು ಮಾತ್ರ ಇಂದಿಗೂ ಕಷ್ಟವೇ: ಎರಡು ಬೃಹತ್ತಾದ ಅವಿಭಾಜ್ಯಗಳನ್ನು ಗುಣಿಸುವುದು ಕ್ಷಣದ ಕೆಲಸ, ಗುಣಲಬ್ಧದಿಂದ ಅವನ್ನು ಮತ್ತೆ ಬೇರ್ಪಡಿಸುವುದು ಮಹಾಯಂತ್ರಗಳಿಗೂ ಎಟುಕದ ಕೆಲಸ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಎಂಬ ಗುಪ್ತಲಿಪಿಯ ಬೀಗ ನಿಂತಿರುವುದು ಈ ಕಷ್ಟದ ಮೇಲೆಯೇ. ಯಂತ್ರ ಬಂದುದರಿಂದ ಈ ವಿದ್ಯೆಯ ಬೆಲೆ ಕುಗ್ಗಲಿಲ್ಲ.

ಎರಡನೆಯ ಆಕ್ಷೇಪ ಉಪಾಧ್ಯಾಯರದು, ಅದು ಹೆಚ್ಚು ತೂಕವುಳ್ಳದ್ದು. ಪಠ್ಯಕ್ರಮ ಮುಗಿಸಬೇಕು, ದಾಖಲೆ ಬರೆಯಬೇಕು, ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಬೇಕು. ಬೀಜಗಳನ್ನು ಹರಡಿಕೊಂಡು ಕುಳಿತರೆ ಕಾಲ ಎಲ್ಲಿಂದ ಬಂದೀತು? ನನ್ನ ಉತ್ತರವಿಷ್ಟೆ. ಈಗ ನಾಲ್ಕನೆಯ ತರಗತಿಯಲ್ಲಿ ಉಳಿಸಿದ ಕಾಲವನ್ನೇ ಹತ್ತನೆಯ ತರಗತಿಯ ರಾತ್ರಿ ಪಾಠಗಳಲ್ಲಿ ಬಡ್ಡಿಸಹಿತವಾಗಿ ತೆರುತ್ತಿದ್ದೇವೆ. ಭಿನ್ನರಾಶಿಯ ಸಂಕ್ಷೇಪ, ಅನುಪಾತ, ಬೀಜೋಕ್ತಿಗಳ ಅಪವರ್ತಿಸುವಿಕೆ, ವರ್ಗಸಮೀಕರಣ, ಇವೆಲ್ಲವೂ ಈ ಒಂದು ಬೇರಿನ ಕೊಂಬೆಗಳು. ಬೇರಿಗೆ ನೀರೆರೆಯದೆ ಒಂದೊಂದು ಕೊಂಬೆಗೂ ಬೇರೆಬೇರೆಯಾಗಿ ನೀರು ಚಿಮುಕಿಸುವುದರಲ್ಲಿ ಕಾಲದ ಉಳಿತಾಯವೆಲ್ಲಿದೆ? ಗುಳೆ ಹೋಗಿ ನಾಲ್ಕು ತಿಂಗಳ ಮೇಲೆ ಹಿಂದಿರುಗಿದ ಮಗುವಿಗೆ ಬಾಯಿಪಾಠದ ಪಟ್ಟಿ ಮರೆತಿರುತ್ತದೆ, ಸೋಸುವ ಕೈ ಮರೆತಿರುವುದಿಲ್ಲ.

ಆದುದರಿಂದ ಮಾಡಬೇಕಾದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾಲ್ಕರಿಂದ ಆರನೆಯ ತರಗತಿಯವರೆಗೆ ವಾರಕ್ಕೊಂದು ಅವಧಿಯನ್ನು ಸಂಖ್ಯೆಗಳನ್ನು ಒಡೆಯುವುದಕ್ಕೆಂದೇ ಮೀಸಲಿಡಬೇಕು. ಶಾಲೆಗಳಿಗೆ ಬಂದಿರುವ ಗಣಿತದ ಕಲಿಕಾ ಪೆಟ್ಟಿಗೆಗಳು ಬೀರುವಿನಲ್ಲಿ ಧೂಳು ತಿನ್ನುತ್ತಿರುವುದನ್ನು ನಾನೇ ಕಂಡಿದ್ದೇನೆ; ಅವು ನೆಲಕ್ಕಿಳಿಯಬೇಕು, ಇಲ್ಲದಿದ್ದಲ್ಲಿ ಹುಣಸೆಬೀಜಗಳು ಸಾಕು. ಪರೀಕ್ಷೆಯಲ್ಲಿ ನೂರರೊಳಗಿನ ಅವಿಭಾಜ್ಯಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಸ್ಥಾನದಲ್ಲಿ, 91 ಏಕೆ ಅವಿಭಾಜ್ಯವಲ್ಲ, 97ನ್ನು ಪರೀಕ್ಷಿಸುವಾಗ ಏಳಕ್ಕೇ ಏಕೆ ನಿಂತಿರಿ, ಎಂಬ ಪ್ರಶ್ನೆಗಳು ಬರಬೇಕು. ಪ್ರಶ್ನೆ ಬದಲಾದರೆ ಬೋಧನೆ ತಾನಾಗಿ ಬದಲಾಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಕಟ್ಟಡಗಳು ಏಳಲಿ, ಬೇಡವೆನ್ನುವವರಾರು. ಅದರ ಒಂದು ಅಂಶವು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಇಂತಹ ಪಾಠಗಳ ಅಭ್ಯಾಸವನ್ನು ಕೊಡಿಸುವುದಕ್ಕೂ ಸಲ್ಲಲಿ.

2009ರ ಡಿಸೆಂಬರಿನಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿಂದ ರಾಜ್ಯದ ಮೂವತ್ತನೆಯ ಜಿಲ್ಲೆ ರೂಪುಗೊಂಡಿತು. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಮೂರು ಆರಾದವು. ಆಡಳಿತದ ಪಾಲುಗಾರಿಕೆಯನ್ನು ನಾವು ಚೆನ್ನಾಗಿಯೇ ಮಾಡಿದ್ದೇವೆ. ಪಾಲಿಗೆ ಬಂದದ್ದು ಪಂಚಾಮೃತವೆಂದು ಕೊನೆಯ ಸ್ಥಾನವನ್ನು ಮಾತ್ರ ಸ್ವೀಕರಿಸುತ್ತ ಕುಳಿತುಕೊಳ್ಳುವುದು ತರವಲ್ಲ. ಸದಾ ಅಂಕಿಗಳಿಂದ ಅಳೆಯಲ್ಪಡುತ್ತಿರುವ ಜಿಲ್ಲೆಯ ಮಕ್ಕಳು ಅಂಕಿಗಳನ್ನು ತಾವೇ ಬಿಚ್ಚಿ ನೋಡಲು ಕಲಿಯಬೇಕು. ಮುಂದಿನ ಸಲ ಎಸ್ಸೆಸ್ಸೆಲ್ಸಿಯ ಪಟ್ಟಿ ಬಂದಾಗ ಯಾದಗಿರಿಯ ಹೆಸರು ಎಷ್ಟನೆಯದೆಂದು ಹುಡುಕುವ ಮೊದಲು, ಸಮೀಪದ ಶಾಲೆಗೆ ಹೋಗಿ ಐದನೆಯ ತರಗತಿಯ ಒಂದು ಮಗುವಿನ ಮುಂದೆ ತೊಂಬತ್ತೇಳು ಬೀಜಗಳನ್ನಿಟ್ಟು, ಎಲ್ಲಿಗೆ ನಿಲ್ಲಿಸುತ್ತೀ, ಏಕೆ ನಿಲ್ಲಿಸುತ್ತೀ ಎಂದು ಕೇಳಿ ನೋಡಿರಿ. ಐದು ವರ್ಷಗಳ ಮುಂದಿನ ಫಲಿತಾಂಶ ಆಗಲೇ ತಿಳಿದುಬಿಡುತ್ತದೆ.